ಮೂರು ಕೈ ಬೇಡುವ ಹ್ಯಾಂಡಲ್ಲು

ಲೋಕದಲ್ಲಿರುವ ಕೆಲಸಗಳನ್ನೆಲ್ಲ ಎರಡೇ ಜಾತಿಗೆ ಸೇರಿಸಬಹುದು ಎಂಬ ಜ್ಞಾನ ನನಗೆ ಈಚೆಗೆ ಉಂಟಾಗಿದೆ: ಎರಡು ಕೈಯಲ್ಲಿ ಮುಗಿಯುವ ಕೆಲಸಗಳು ಮತ್ತು ಎರಡು ಕೈಯಲ್ಲಿ ಮುಗಿಯದ ಕೆಲಸಗಳು. ಮದುವೆಯಾಗಿ ಇಷ್ಟು ವರ್ಷವಾದರೂ ಇದು ಹೊಳೆದಿರಲಿಲ್ಲ. ಮನೆಯಲ್ಲಿ ಒಬ್ಬನೇ ಇರತೊಡಗಿದ ಮೇಲೆ ಹೊಳೆಯಿತು. ಅನ್ನ ಬೇಯಿಸುವುದು, ಪಾತ್ರೆ ತೊಳೆಯುವುದು, ಅಂಗಿಗೆ ಇಸ್ತ್ರಿ ಹಾಕುವುದು ಇವೆಲ್ಲ ಎರಡು ಕೈಯ ಕೆಲಸಗಳು, ಬೇಸರವಾದರೂ ಆಗುತ್ತವೆ. ಆದರೆ ಇಬ್ಬರು ಮಲಗುವ ಮಂಚದ ದುಪ್ಪಟಿಯನ್ನು ಒಬ್ಬರೇ ಮಡಚಿ ನೋಡಿ. ಒಂದು ಅಂಚನ್ನು ಗದ್ದದ ಕೆಳಗೆ ಒತ್ತಿ ಹಿಡಿದು ಇನ್ನೊಂದು ಅಂಚಿಗೆ ಕೈ ಚಾಚುವಷ್ಟರಲ್ಲಿ ನಡುವಿನ ಭಾಗ ನೆಲ ಒರೆಸಿ ಮುಗಿಸಿರುತ್ತದೆ. ಸೊಳ್ಳೆ ಪರದೆಯ ಕೊನೆಯ ಮೂಲೆ ಕಟ್ಟಲು ಹೋದಾಗ ಮೊದಲ ಮೂಲೆ ಬಿಚ್ಚಿಕೊಳ್ಳುತ್ತದೆ. ಬೆನ್ನಿನ ನಟ್ಟನಡುವೆ ಒಂದು ಜಾಗವಿದೆ; ಮೇಲಿನಿಂದ ಇಳಿದ ಕೈಗೂ ಕೆಳಗಿನಿಂದ ಏರಿದ ಕೈಗೂ ಅದು ಸಿಗುವುದಿಲ್ಲ, ನೋವು ಮಾತ್ರ ಹುಡುಕಿಕೊಂಡು ಅಲ್ಲಿಗೇ ಬರುತ್ತದೆ. ಮುಲಾಮಿನ ಡಬ್ಬಿ ಹಿಡಿದುಕೊಂಡು ಕನ್ನಡಿಯ ಮುಂದೆ ನಿಂತು ಆ ಜಾಗವನ್ನು ದೂರದಿಂದಲೇ ನೋಡಿ ಅಂಗಿ ಹಾಕಿಕೊಂಡ ದಿನಗಳುಂಟು. ಈ ಜಾತಿಯ ಕೆಲಸಗಳಿಗೆಲ್ಲ ರಾಜ ಯಾವುದು ಎಂದು ಯಾರಾದರೂ ಕೇಳಿದರೆ, ಸೈಕಲ್ಲಿನ ಹ್ಯಾಂಡಲ್ಲು ಬಿಚ್ಚಿ ಮುಂದಿನ ಫೋರ್ಕು ಕೂಡಿಸುವುದು ಎಂದು ಹೇಳುತ್ತೇನೆ. ಯಾರೂ ಕೇಳಿಲ್ಲ. ಆದರೂ ಹೇಳುತ್ತೇನೆ.

ನಾನು ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಒಂದು ಯೂನಿಟ್ಟಿನಲ್ಲಿ ಚೆಕಿಂಗ್ ಮಾಸ್ಟರ್. ಹೊಲಿದು ಬಂದ ಪ್ಯಾಂಟನ್ನು ಟ್ಯೂಬ್‌ಲೈಟಿನ ಕೆಳಗೆ ಹರವಿ, ಹೊಲಿಗೆ ತಪ್ಪಿದೆಯೇ, ಜೇಬು ವಾರೆಯಾಗಿದೆಯೇ, ಎಣ್ಣೆಯ ಕಲೆ ಬಿದ್ದಿದೆಯೇ ಎಂದು ನೋಡಿ, ತಪ್ಪಿದ್ದ ಕಡೆ ಕೆಂಪು ಸ್ಟಿಕರ್ ಅಂಟಿಸಿ ಪಕ್ಕಕ್ಕೆ ಎಸೆಯುವುದು ನನ್ನ ಕೆಲಸ. ಅನೇಕರು ಬಿಟ್ಟಿಯಾಗಿ ಮಾಡುವ ಕೆಲಸಕ್ಕೆ ನನಗೆ ಸಂಬಳ ಕೊಡುತ್ತಾರೆ. ಈ ಕೆಲಸಕ್ಕೆ ನಾನು ಹುಟ್ಟಿನಿಂದಲೇ ತಯಾರಾಗಿದ್ದೆ ಎನ್ನಬೇಕು. ಮನೆಗೆ ಬೀಗ ಹಾಕಿದ ಮೇಲೆ ಅದನ್ನು ಜಗ್ಗಿ ನೋಡುತ್ತೇನೆ. ಓಣಿಯ ತುದಿಗೆ ಹೋಗಿ, ಜಗ್ಗಿದ್ದಕ್ಕೆ ಸಡಿಲವಾಗಿರಬಹುದೇ ಎಂಬ ಚಿಂತೆ ಹತ್ತಿ ಮತ್ತೆ ಬಂದು ಜಗ್ಗುತ್ತೇನೆ. ಬೀಗ ಈಗ ನಿಜವಾಗಿಯೂ ಸಡಿಲವಾಗಿದೆ. ಮುಂಜಾನೆ ಕಾಗೆ ಕೂಗಿದರೆ ಯಾರು ಬರುತ್ತಾರೋ ಎಂದೂ, ಕೂಗದಿದ್ದರೆ ಕಾಗೆಗೆ ಏನಾಯಿತೋ ಎಂದೂ ಯೋಚಿಸುವ ಮನುಷ್ಯ ನಾನು.

ನನ್ನ ಹೆಂಡತಿ ಶಿವಲೀಲಾ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಹೋದ ವರ್ಷ ಬಡ್ತಿ ಸಿಕ್ಕಿ ಸಿರುಗುಪ್ಪದ ಒಂದು ಶಾಲೆಗೆ ಹೆಡ್‌ಮಿಸ್ಸಾಗಿ ಹೋದಳು. ಮೊದಮೊದಲು ದಿನಾ ಬಸ್ಸಿನಲ್ಲಿ ಹೋಗಿಬಂದಳು. ಆ ರಸ್ತೆಯ ಮೇಲೆ ದಿನಕ್ಕೆರಡು ಸಲ ಬಸ್ಸಿನಲ್ಲಿ ಕುಳಿತವರ ಸೊಂಟದಲ್ಲಿ ಏನೂ ಉಳಿಯುವುದಿಲ್ಲ. ಹಾಗಾಗಿ ಅಲ್ಲೇ ಒಂದು ಕೋಣೆ, ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದಳು. ಮಗಳು ಧಾರವಾಡದಲ್ಲಿ ಹಾಸ್ಟೆಲಿನಲ್ಲಿದ್ದಾಳೆ. ಹೀಗೆ ನಮ್ಮದು ಮೂರು ಊರಿನಲ್ಲಿ ಹರಡಿ ಒಣಗಲು ಹಾಕಿದ ಸಂಸಾರ. ಶಿವಲೀಲಾ ಶನಿವಾರ ಸಂಜೆ ಬಂದು ಸೋಮವಾರ ಮೊದಲ ಬಸ್ಸಿಗೆ ಹೋಗುತ್ತಿದ್ದಳು. ಆಮೇಲೆ ಶಾಲೆಯ ಕೆಲಸಗಳು ಹೆಚ್ಚಿ ಒಂದು ವಾರ ಬಿಟ್ಟು ಒಂದು ವಾರ ಬರತೊಡಗಿದಳು. ಬಾರದ ವಾರ ಫೋನು. ನಮ್ಮ ಫೋನಿನ ಮಾತುಕತೆಯನ್ನು ಪೂರ್ತಿಯಾಗಿ ಇಲ್ಲಿ ಬರೆಯಬಲ್ಲೆ.

"ಊಟ ಆತೇನ್ರಿ?"

"ಆತು. ನಿಂದು?"

"ಆತು. ಏನ್ ಮಾಡಿದ್ರಿ?"

"ಅನ್ನ."

"ಅನ್ನಕ?"

"ನಿನ್ನಿದು ಇತ್ತು."

ಇಷ್ಟೇ. 'ನಿನ್ನಿದು' ಅಂದರೆ ನಿನ್ನೆಯ ಯಾವ ಸಾರು ಎಂದು ಅವಳು ಕೇಳುತ್ತಿರಲಿಲ್ಲ, ನಾನು ಹೇಳುತ್ತಿರಲಿಲ್ಲ. ಫೋನು ಇಟ್ಟ ಮೇಲೆ ಮನೆಯಲ್ಲಿ ಫ್ಯಾನಿನ ಸದ್ದು ಸ್ವಲ್ಪ ಜಾಸ್ತಿ ಕೇಳುತ್ತಿತ್ತು.

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಒಂದು ದಿನ ಅವಳು ಕೇಳಿದಳು, "ಈ ಸಲ ಬಳ್ಳಾರಿಗೆ ವರ್ಗಾವಣಿ ಕೇಳ್ಲೇನ್ರಿ, ಬ್ಯಾಡ್ರೇನು?" ನಾನು ತಟ್ಟನೆ, "ನಿನ್ನಿಷ್ಟ" ಎಂದೆ. ಗಂಡಂದಿರು ಈ ಪದವನ್ನು ಬಹಳ ಉದಾರವಾದದ್ದು ಎಂದುಕೊಂಡು ಬಳಸುತ್ತಾರೆ. ನಾನೂ ಹಾಗೇ ಅಂದುಕೊಂಡೆ. ಮನಸ್ಸಿನಲ್ಲಿದ್ದದ್ದು ಬೇರೆ. 'ಬಾ' ಎಂದು ಹೇಳಿ, ಅವಳು ಬಂದು, ಇಲ್ಲಿನ ಶಾಲೆಯಲ್ಲಿ ಏನಾದರೂ ಕಿರಿಕಿರಿಯಾಗಿ, 'ನಿಮ್ಮ ಮಾತ ಕೇಳಿ ಬಂದೆ' ಎಂದು ಜೀವಮಾನವಿಡೀ ಅಂದರೆ ಏನು ಮಾಡುವುದು ಎಂಬ ಚಿಂತೆ ಮಾತಿಗಿಂತ ಮೊದಲೇ ಬಾಗಿಲಲ್ಲಿ ಬಂದು ನಿಂತಿತ್ತು. ಅವಳು, "ಹಂಗಾರ ನೋಡ್ತೀನಿ" ಎಂದಳು. ಅದಾದ ಕೆಲವೇ ದಿನಕ್ಕೆ ಫೋನಿನಲ್ಲಿ ಹೊಸ ಮಾತು ಬಂತು.

"ರೀ, ಮನ್ಯಾಗ ನಂದೊಂದು ಸೈಕಲ್ ಇತ್ತಲ್ರಿ. ಐತೋ, ಹೋತೋ?"

"ಐತಿ. ಮೆಟ್ಲ ಕೆಳಗ."

"ಅದನ್ನ ಸರಿ ಮಾಡ್ಸಿ ಕಳಸ್ರಿ. ಸಾಲಿ ಕೆಂಚನಗುಡ್ಡದ ರಸ್ತ್ಯಾಗ, ಊರ ಹೊರಗ ಐತಿ. ಆಟೋದವ ಬಂದ್ರ ಬಂದ, ಇಲ್ಲಾಂದ್ರ ಇಲ್ಲ."

ನಾನು "ಆಗ್ಲಿ" ಎಂದೆ. ಫೋನು ಇಟ್ಟ ಮೇಲೆ ಅರ್ಥವಾಯಿತು. ಬಿಟ್ಟುಬರುವ ಊರಿಗೆ ಯಾರೂ ಸೈಕಲ್ ತರಿಸಿಕೊಳ್ಳುವುದಿಲ್ಲ. ಚೊಂಬು, ಚಾಪೆ, ಸ್ಟೋವು ಒಯ್ಯುವುದು ಬೇರೆ. ಸೈಕಲ್ ಒಯ್ದರೆ ಆ ಊರಿನ ರಸ್ತೆಗಳು ನಮ್ಮವಾದವು ಎಂದರ್ಥ. ವರ್ಗಾವಣೆ ಕೇಳುವ ಕೊನೆಯ ತಾರೀಕು ಇನ್ನೂ ಮುಂದಿತ್ತು. ಸೈಕಲ್ ಹೋದರೆ ಅವಳು ಬರುವುದಿಲ್ಲ, ಸೈಕಲ್ ಹೋಗದಿದ್ದರೆ ಬರಬಹುದು ಎಂಬ ಒಂದು ಲೆಕ್ಕ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಗಣಿತದ ಟೀಚರ ಗಂಡ ಇಂಥ ಲೆಕ್ಕ ಮಾಡಬಾರದು.

ಸೈಕಲ್ಲು ಅವಳ ತವರಿನದು. ಅವಳು ಕಾಲೇಜು ಮೆಟ್ಟಿಲು ಹತ್ತಿದಾಗ ಕುರುಗೋಡಿನ ನಮ್ಮ ಮಾವ ಕೊಡಿಸಿದ ಲೇಡೀಸ್ ಸೈಕಲ್. ಮದುವೆಯಾದ ಮೇಲೆ ಪಾತ್ರೆಪಡಗ, ಹಾಸಿಗೆಗಳ ಜೊತೆ ಅದೂ ಬಸ್ಸಿನ ತಲೆಯ ಮೇಲೆ ಕೂತು ಬಳ್ಳಾರಿಗೆ ಬಂದಿತ್ತು. ಇಳಿಸುವಾಗ ಮಾವ ಕೆಳಗೆ ನಿಂತು, "ಅಳಿಯಂದ್ರ, ಹುಷಾರ್ರಿ, ಹುಷಾರು" ಎಂದು ಸೈಕಲ್ಲಿನ ಬಗ್ಗೆ ಎಷ್ಟು ಸಲ ಹೇಳಿದರೆಂದರೆ, ಮಗಳ ಬಗ್ಗೆ ಒಂದು ಸಲವೂ ಹೇಳಲಿಲ್ಲವಲ್ಲ ಎಂದು ನನಗೇ ಪಿಚ್ಚೆನಿಸಿತ್ತು. ಈಗ ಅದರ ಹ್ಯಾಂಡಲ್ಲು ಹಿಡಿದು ಮುಂದಿನ ಬ್ರೇಕು ಒತ್ತಿ ಅಲುಗಾಡಿಸಿದರೆ ಕುತ್ತಿಗೆಯೊಳಗಿಂದ ಕಟಕ್ ಕಟಕ್ ಎನ್ನುತ್ತಿತ್ತು; ಹೀಗೆ ಸಡಿಲವಾಗಿ ಅಲುಗುವುದಕ್ಕೆ ಸೈಕಲ್ಲಿನವರು 'ಆಟ' ಎನ್ನುತ್ತಾರೆ. ತಿರುಗಿಸಿದರೆ ನಡುವೆ ಒಂದು ಕಡೆ ಸಿಕ್ಕಿಕೊಳ್ಳುತ್ತಿತ್ತು. ನೆಟ್ಟಗೆ ಹಿಡಿದರೆ ಗಾಲಿ ಎಡಕ್ಕೆ ನೋಡುತ್ತಿತ್ತು. ಸೈಕಲ್ ಅಂಗಡಿಯವನು ಒಮ್ಮೆ ಅಲುಗಾಡಿಸಿ ನೋಡಿ, "ಬಟ್ಲಾ ಸವದಾವ್ರಿ ಸಾರ್. ಹೊಸಾವು ಒಂದ್ ಸೆಟ್ ಕೊಡ್ತೀನಿ. ಗಾಡಿ ಇಲ್ಲೇ ಬಿಟ್ಟು ಹೋಗ್ರಿ, ಸಂಜಿಗೆ ಕೊಡ್ತೀನಿ" ಎಂದ.

ಸಂಜೆಗೇ ಆಗಿಬಿಡುತ್ತದೆ ಎಂದು ಕೇಳಿದ್ದೇ ಸೈಕಲ್ಲನ್ನು ಅವನ ಕೈಯಿಂದ ನನ್ನ ಕಡೆಗೆ ಎಳೆದುಕೊಂಡೆ. "ಬ್ಯಾಡ, ಮನ್ಯಾಗ ನಾನಾ ಹಾಕ್ಕೊಂತೀನಿ" ಎಂದು ಬಟ್ಟಲುಗಳ ಸೆಟ್ಟನ್ನು ಜೇಬಿಗೆ ಹಾಕಿಕೊಂಡು ಸೈಕಲ್ ತಳ್ಳಿಕೊಂಡು ಬಂದೆ. ಹೆಂಡತಿ ಕೂರುವ ಗಾಡಿಯನ್ನು ಯಾರೋ ಅವಸರದಲ್ಲಿ ಬಿಗಿದು, ಕೆಂಚನಗುಡ್ಡದ ರಸ್ತೆಯಲ್ಲಿ ಭತ್ತದ ಟ್ರ್ಯಾಕ್ಟರಿನ ಮುಂದೆ ಹ್ಯಾಂಡಲ್ಲು ಅವಳ ಕೈಗೆ ಬಂದರೆ ಯಾರು ಹೊಣೆ? ಹೀಗೆಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಹೇಳಿದ್ದು ಸುಳ್ಳೇನಲ್ಲ. ಪೂರ್ತಿ ನಿಜವೂ ಅಲ್ಲ.

ಗೊತ್ತಿಲ್ಲದವರಿಗೆ ಒಂದಿಷ್ಟು ಹೇಳಿಬಿಡುತ್ತೇನೆ. ಸೈಕಲ್ಲಿನ ಮುಂದಿನ ಗಾಲಿಯನ್ನು ಎರಡು ಕಾಲಿನಲ್ಲಿ ಹಿಡಿದುಕೊಂಡಿರುವುದು ಫೋರ್ಕು. ಅದರ ಮೇಲಿನ ಕೊಳವೆ ಸೈಕಲ್ಲಿನ ಕುತ್ತಿಗೆಯೊಳಗೆ ಹಾದು ಮೇಲೆ ಬರುತ್ತದೆ. ಕುತ್ತಿಗೆಯ ಕೆಳಗೊಂದು ಮೇಲೊಂದು ಉಕ್ಕಿನ ಪುಟ್ಟ ಬಟ್ಟಲು. ಅವುಗಳ ತುಂಬ ಕರಿಮೆಣಸಿನಷ್ಟು ದಪ್ಪದ ಗುಂಡುಗಳು. ಹ್ಯಾಂಡಲ್ಲು ಸಲೀಸಾಗಿ ತಿರುಗುವುದು ಈ ಗುಂಡುಗಳ ದಯೆಯಿಂದ. ಹ್ಯಾಂಡಲ್ಲಿನ ಕಾಂಡ ಫೋರ್ಕಿನ ಕೊಳವೆಯೊಳಗೆ ಇಳಿದು, ಒಂದು ಉದ್ದನೆಯ ಬೋಲ್ಟು ಮತ್ತು ಅದರ ಕೆಳತುದಿಯ ಗೂಟದಿಂದ ಬಿಗಿಯಾಗಿರುತ್ತದೆ. ಆ ಬೋಲ್ಟನ್ನು ಸ್ವಲ್ಪ ಸಡಿಲಿಸಿ, ತಲೆಯ ಮೇಲೆ ಒಂದು ಏಟು ಕೊಟ್ಟರೆ ಕೆಳಗಿನ ಗೂಟ ಬಿಟ್ಟುಕೊಂಡು ಹ್ಯಾಂಡಲ್ಲು ಮೇಲೆ ಬರಬೇಕು. ನಾನು ಬೋಲ್ಟನ್ನು ಪೂರ್ತಿ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ಮೆಚ್ಚಿದೆ. ಗೂಟ ಒಳಗೇ ಉಳಿಯಿತು, ಹ್ಯಾಂಡಲ್ಲೂ ಅಲ್ಲೇ ಉಳಿಯಿತು. ಬೋಲ್ಟನ್ನು ಮತ್ತೆ ಇಳಿಸಿ, ಹುಡುಕಿ ಹಿಡಿಸಿ, ಕುಟ್ಟಾಣಿಯ ಗುಂಡಿನಿಂದ ಅದರ ತಲೆಗೆ ಹೊಡೆದೆ. ಹ್ಯಾಂಡಲ್ಲು ಜಗ್ಗಿದರೆ ಸೈಕಲ್ಲೇ ಎದ್ದು ಬರುತ್ತಿತ್ತು. ಗಾಲಿಯನ್ನು ಮೊಣಕಾಲುಗಳ ನಡುವೆ ಅಮುಕಿ ಜಗ್ಗಿದರೆ ನಾನೂ ಸೈಕಲ್ಲೂ ಒಟ್ಟಿಗೆ ತಿರುಗುತ್ತಿದ್ದೆವು. ಆ ಭಾನುವಾರ ಪಡಸಾಲೆಯಲ್ಲಿ ನಾವಿಬ್ಬರೂ ಹೀಗೆ ಬಹಳ ಹೊತ್ತು ತಿರುಗಿದೆವು. ಕೊನೆಗೆ ಅದು ಒಮ್ಮೆಲೇ ಕಿತ್ತು ಬಂದಾಗ ನಾನು ಗೋಡೆಗೆ ಒರಗಿಕೊಂಡು ಕುಳಿತಿದ್ದೆ, ಹ್ಯಾಂಡಲ್ಲು ತೊಡೆಯ ಮೇಲಿತ್ತು. ಬೆಲ್ಲು ತಾನಾಗಿ ಒಂದು ಸಲ ಟ್ರಿಣ್ ಎಂದಿತು.

ಬಿಚ್ಚುವುದು ಎರಡು ಕೈಯ ಕೆಲಸ ಎಂದು ಒಪ್ಪಬಹುದು. ಕೂಡಿಸುವುದಕ್ಕೇ ಮೂರು ಬೇಕು. ಒಂದು ಕೈ ಫೋರ್ಕನ್ನು ಕೆಳಗಿನಿಂದ ಎತ್ತಿ ಹಿಡಿದಿರಬೇಕು. ಒಂದು ಕೈ ಸೈಕಲ್ಲು ಬೀಳದಂತೆ ಹಿಡಿದಿರಬೇಕು. ಇನ್ನೊಂದು ಕೈ ಮೇಲಿನ ಬಟ್ಟಲಿಗೆ ಗುಂಡು ಹಾಕಿ ಮುಚ್ಚಳ ತಿರುವಬೇಕು. ಸೈಕಲ್ಲನ್ನು ತಲೆಕೆಳಗು ಮಾಡಿದರೆ ಕೆಳಗಿನ ಗುಂಡುಗಳು ನಿಲ್ಲುತ್ತವೆ, ಮೇಲಿನವು ಉದುರುತ್ತವೆ. ನೆಟ್ಟಗೆ ನಿಲ್ಲಿಸಿದರೆ ಮೇಲಿನವು ನಿಲ್ಲುತ್ತವೆ, ಕೆಳಗಿನವು ಉದುರುತ್ತವೆ. ಗುಂಡುಗಳನ್ನು ಹಿಡಿದು ನಿಲ್ಲಿಸುವುದಕ್ಕೆಂದೇ ಬಟ್ಟಲಿಗೆ ಗ್ರೀಸು ಮೆತ್ತುತ್ತಾರೆ. ಇಲ್ಲಿ ನನ್ನ ಕಸುಬು ಅಡ್ಡ ಬಂತು. ನಮ್ಮ ಯೂನಿಟ್ಟಿನಲ್ಲಿ ಗ್ರೀಸು ಎಂದರೆ ಹೆಣ ಕಂಡಂತೆ. ಬೆರಳಿಗೆ ಹತ್ತಿದರೆ ಪ್ಯಾಂಟಿಗೆ, ಪ್ಯಾಂಟಿನಿಂದ ಇಡೀ ಗಂಟಿಗೆ. ಅದು ತೊಳೆದರೂ ಹೋಗದ ಕಲೆ. ಹೊಲಿಗೆ ಮಷಿನ್ನುಗಳಿಗೆ ನಾವು ಹಾಕುವುದು ನೀರಿನಂಥ ತೆಳ್ಳಗಿನ ಬಿಳಿ ಎಣ್ಣೆ. ಹೆಂಡತಿ ಸೀರೆ ಉಟ್ಟು ಕೂರುವ ಸೈಕಲ್ಲು, ಸೀರೆಗೆ ಕಲೆಯಾದೀತು ಎಂದು ನಾನು ಬಟ್ಟಲುಗಳಿಗೆ ಆ ಬಿಳಿ ಎಣ್ಣೆಯನ್ನೇ ಧಾರಾಳವಾಗಿ ಸುರಿದೆ. ಬಳ್ಳಾರಿಯಲ್ಲಿ ಬಿಟ್ಟರೆ ಬೇರೆಲ್ಲೂ ಈ ತಪ್ಪು ಆಗಲಾರದು. ಫೋರ್ಕು ಎತ್ತಿದೆ. ಗುಂಡುಗಳು ಒಂದೊಂದಾಗಿ, ಯಾರ ಮೇಲೂ ಸಿಟ್ಟಿಲ್ಲದವರಂತೆ, ಜಾರಿ ಇಳಿದು ನೆಲದ ಮೇಲೆ ಉರುಳಿಕೊಂಡು ಹೋದವು. ನಮ್ಮ ಮನೆಯ ನೆಲ ಬಚ್ಚಲಿನ ಕಡೆ ಇಳಿಜಾರಾಗಿದೆ ಎಂದು ಅಂದು ಗೊತ್ತಾಯಿತು. ಮಂಚದ ಕೆಳಗೆ, ಬೀರುವಿನ ಕೆಳಗೆ, ಫ್ರಿಜ್ಜಿನ ಹಿಂದೆ ಎಲ್ಲ ಕಸಬರಿಗೆ ಹಾಕಿ ಗುಡಿಸಿ ಗುಂಡು ಹೆಕ್ಕಿದೆ. ಶಿವಲೀಲಾ ಹೋದ ಮೇಲೆ ಮನೆಯ ಮೂಲೆಗಳು ಪೊರಕೆ ಕಂಡಿದ್ದು ಅದೇ ಮೊದಲು. ಸಿಕ್ಕ ಗುಂಡುಗಳನ್ನು ಚಹಾ ಸೋಸುವ ಜರಡಿಯಲ್ಲಿ ಹಾಕಿ ತೊಳೆದೆ. ಮರುದಿನದ ಚಹಾಕ್ಕೆ ಒಂದು ತರಹದ ರುಚಿಯಿತ್ತು.

ಇಷ್ಟೆಲ್ಲ ಪಾಡಿನಲ್ಲಿ ಒಂದು ಒಳ್ಳೆಯದಾಯಿತು. ನಮ್ಮ ಫೋನಿನ ಮಾತು ಉದ್ದವಾಯಿತು.

"ಸೈಕಲ್ ಎಲ್ಲಿಗಿ ಬಂತ್ರಿ?"

"ಬಟ್ಲಾ ಕುಂದ್ರಿಸಿದೆ. ಗುಂಡು ನಿಲ್ಲವಲ್ವು."

"ಏನ್ ಹಚ್ಚೀರಿ?"

"ಮಷಿನ್ ಎಣ್ಣಿ."

ಆ ಕಡೆಯಿಂದ ಬಹಳ ಹೊತ್ತು ನಗು. ಆಮೇಲೆ, "ನಮ್ಮಪ್ಪ ಕೇಳಿದ್ರ ಸೈಕಲ್ಲೂ ವಾಪಸ್ ಒಯ್ತಿದ್ದ, ನನ್ನೂ ವಾಪಸ್ ಒಯ್ತಿದ್ದ. ಗ್ರೀಸ್ ಹಚ್ಚ್ರಿ. ಗುಲಾಬ್‌ಜಾಮೂನಿಗೆ ಪಾಕ ಇರತೈತಲ್ಲ, ಅಷ್ಟ್ ಇರ್ಲಿ." ಅಲ್ಲಿಂದ ಗುಲಾಬ್‌ಜಾಮೂನಿಗೆ ಹೋಗಿ, ಕುರುಗೋಡಿನ ಮನೆಯ ಅಂಗಳಕ್ಕೆ ಹೋಗಿ, ಅಲ್ಲಿ ಮಾವ ಪ್ರತಿ ಅಮಾವಾಸ್ಯೆಗೆ ಸೈಕಲ್ಲು ತೊಳೆದು ವಿಭೂತಿ ಹಚ್ಚುತ್ತಿದ್ದುದಕ್ಕೆ ಹೋಗಿ, ಶಾಲೆಯ ಬಿಸಿಯೂಟದ ಸಾರಿಗೆ ಉಪ್ಪು ಜಾಸ್ತಿಯಾದದ್ದಕ್ಕೆ ಬಂದು ನಿಲ್ಲುವಷ್ಟರಲ್ಲಿ ನನ್ನ ಕಿವಿ ಬಿಸಿಯಾಗಿರುತ್ತಿತ್ತು. ನಾಳೆ ಏನು ಹೇಳಬೇಕು ಎಂದು ನಾನು ಮಧ್ಯಾಹ್ನವೇ ಪ್ಯಾಂಟು ನೋಡುತ್ತ ಯೋಚಿಸತೊಡಗಿದೆ. ಆ ದಿನಗಳಲ್ಲಿ ನನ್ನ ಕೈಯಿಂದ ಎಷ್ಟು ವಾರೆ ಜೇಬುಗಳು ಪಾಸಾಗಿ ಹೋದವೋ ಯಾರು ಬಲ್ಲರು.

ಗ್ರೀಸು ತಂದೆ. ಆದರೂ ಮೂರನೆಯ ಕೈಯ ಕೊರತೆ ಹಾಗೇ ಇತ್ತು. ಪಡಸಾಲೆಯ ಸೂರಿನಲ್ಲಿ ತೊಟ್ಟಿಲು ಕಟ್ಟುವ ಕಬ್ಬಿಣದ ಕೊಂಡಿ ಇದೆ; ಮಗಳ ತೊಟ್ಟಿಲು ಇಳಿಸಿದ ಮೇಲೆ ಅದಕ್ಕೆ ಕೆಲಸವಿರಲಿಲ್ಲ. ಯೂನಿಟ್ಟಿನಿಂದ ತಂದ ಜೀನ್ಸ್ ಪಟ್ಟಿಗಳನ್ನು ಹೆಣೆದು ಸೈಕಲ್ಲನ್ನು ಆ ಕೊಂಡಿಗೆ ತೂಗುಹಾಕಿದೆ. ಎದುರುಮನೆಯ ನಾಗಮ್ಮ ಬಾಗಿಲಲ್ಲಿ ನಿಂತು ನೋಡಿದಳು. ತಾಯಿಗಿಂತ ಹಿರಿಯಳು, ಮನೆಯಲ್ಲಿ ತೆಲುಗು, ನಮ್ಮ ಜೊತೆ ಎರಡೂ ಕಲಸಿದ ಮಾತು.

"ಏಮ್ ನಾಯನಾ, ತೊಟ್ಲು ಕಟ್ಟೀದಿ. ಈ ವಯಸ್ಸಿನ್ಯಾಗ ಯಾರಿಗಪ್ಪಾ?"

"ಸೈಕಲ್ಲಿಗಮ್ಮಾ."

"ಅಯ್ಯೋ, ಕೂಸು ಬಡಕಲು ಐತಿ. ಜೋಗುಳ ಹಾಡ್ಲೇನು?"

ಜೋಗುಳದ ಅಗತ್ಯ ಬೀಳಲಿಲ್ಲ. ತೂಗುಹಾಕಿದ ಸೈಕಲ್ಲು ಹೇಳಿದಂತೆ ಕೇಳಿತು. ಶಾಲೆ ಶುರುವಾದ ಗದ್ದಲದಲ್ಲಿ ಶಿವಲೀಲಾ ಕೆಲವು ವಾರ ಊರಿಗೆ ಬಂದೇ ಇರಲಿಲ್ಲ; ಅಂಥ ಒಂದು ಭಾನುವಾರ ಸಂಜೆಯ ಹೊತ್ತಿಗೆ ಫೋರ್ಕು ಒಳಗೆ ಹೋಗಿ, ಗುಂಡುಗಳು ಗ್ರೀಸಿನಲ್ಲಿ ಕುಳಿತು, ಮುಚ್ಚಳ ತಿರುಗಿ, ನಟ್ಟು ಬಿಗಿಯಾಗಿ, ಹ್ಯಾಂಡಲ್ಲು ನೆಟ್ಟಗೆ ನಿಂತಿತು. ಇಳಿಸಿ, ಬ್ರೇಕು ಒತ್ತಿ ಅಲುಗಾಡಿಸಿದೆ. ಕಟಕ್ ಎನ್ನಲಿಲ್ಲ. ಮುಂದಿನ ಗಾಲಿ ಎತ್ತಿ ಹಿಡಿದೆ. ಹ್ಯಾಂಡಲ್ಲು ಬೆರಳಿನಿಂದ ಮುಟ್ಟಿದರೆ ಹೂವಿನಂತೆ ತಿರುಗಿತು. ಖುಷಿಯಿಂದ ಬೆಲ್ಲು ಬಾರಿಸಿದೆ. ಆ ಸದ್ದು ಅಡುಗೆಮನೆಗೆ ಹೋಗಿ, ಒಳಕೋಣೆಗೆ ಹೋಗಿ, ಯಾರೂ ಇಲ್ಲವೆಂದು ತಿಳಿದು ವಾಪಸು ಬಂತು. ಬೆವರು ಒರೆಸಿಕೊಳ್ಳುತ್ತ ಕುಳಿತೆ. ಇನ್ನು ಫೋನು ಬರುತ್ತದೆ. 'ಎಲ್ಲಿಗಿ ಬಂತ್ರಿ?' ಎನ್ನುತ್ತಾಳೆ. 'ಆತು' ಎನ್ನಬೇಕು. ನಾಡಿದ್ದು ಬಸ್ಸಿಗೆ ಹಾಕಬೇಕು. ಆಮೇಲೆ, ಊಟ ಆತೇನ್ರಿ, ಆತು, ಅನ್ನ, ನಿನ್ನಿದು.

ನಟ್ಟು ತಿರುವುವ ಪಾನಾ ಕೈಯಲ್ಲೇ ಇತ್ತು. ನಟ್ಟು ಬಿಚ್ಚಿದೆ. ಹ್ಯಾಂಡಲ್ಲು ತೆಗೆದೆ. ಫೋರ್ಕು ಇಳಿಸಿದೆ. ಗುಂಡುಗಳನ್ನು ಅಡುಗೆಮನೆಯ ಒಂದು ಬಟ್ಟಲಲ್ಲಿ ಹಾಕಿ ಮುಚ್ಚಿಟ್ಟೆ. ಉಳಿದ ಸೈಕಲ್ಲನ್ನು ಮತ್ತೆ ಕೊಂಡಿಗೆ ತೂಗುಹಾಕಿದೆ. ಕೂಡಿಸಲು ವಾರಗಟ್ಟಲೆ ಹಿಡಿದದ್ದು ಬಿಚ್ಚಲು ಎಷ್ಟು ಬೇಗ ಆಯಿತೆಂದರೆ ನನಗೇ ನಾಚಿಕೆಯಾಯಿತು. ಫೋನು ಬಂತು.

"ಎಲ್ಲಿಗಿ ಬಂತ್ರಿ?"

"ಇನ್ನೂ ಒಂದೀಟು ಆಟ ಐತಿ," ಎಂದೆ. "ಮತ್ತ ಬಿಚ್ಚಬೇಕು."

"ನಿಧಾನ ಮಾಡ್ರಿ," ಎಂದಳು. ಆ ದಿನ ಗುಲಾಬ್‌ಜಾಮೂನಿನವರೆಗೆ ಮಾತು ಹೋಗಲಿಲ್ಲ. ನಾನೇ ಬೇಗ ಇಟ್ಟೆ.

ಮುಂದಿನ ಶನಿವಾರ ಅವಳು ಹೇಳದೆ ಕೇಳದೆ ಬಂದಿಳಿದಳು. ನಾನು ಯೂನಿಟ್ಟಿನಿಂದ ಬರುವಷ್ಟರಲ್ಲಿ ಪಡಸಾಲೆಯಲ್ಲಿ ನಿಂತು, ಕೊಂಡಿಗೆ ತೂಗುತ್ತಿದ್ದ ಸೈಕಲ್ಲನ್ನು ಕತ್ತೆತ್ತಿ ನೋಡುತ್ತಿದ್ದಳು. ನಾಗಮ್ಮ ಆಗಲೇ ಹೊಸ್ತಿಲ ಮೇಲೆ ಕುಳಿತಿದ್ದಳು.

"ನೋಡು ತಲ್ಲೀ, ನಿನ್ ಗಂಡ ಹೋದ ಐತ್ವಾರಾನೇ ಪೂರಾ ಜೋಡ್ಸಿಬಿಟ್ಟಿದ್ದ. ಬೆಲ್ಲೂ ಹೊಡೆದ. ಎಷ್ಟ್ ಚೆಂದ ನಿಂತಿತ್ತು. ಸ್ವಲ್ಪ ಹೊತ್ತಾದ ಮ್ಯಾಲ ನೋಡ್ತೀನಿ, ಮತ್ತೆ ತುಂಡು ತುಂಡು. ಯಾಕ್ ಬಿಚ್ಚಿದ್ನೋ ಏಮೋ, ಆ ದೇವ್ರಿಗೇ ಗೊತ್ತು."

ಶಿವಲೀಲಾ ನನ್ನ ಕಡೆ ತಿರುಗಿದಳು. ಲೆಕ್ಕವನ್ನು ಸರಿಯಾಗಿ ಬಿಡಿಸಿ, ಉತ್ತರವನ್ನೂ ಬರೆದು, ಆಮೇಲೆ ಪಾಟಿಯನ್ನು ಒರೆಸಿಕೊಂಡು ಬಂದ ಹುಡುಗನನ್ನು ನೋಡುವ ನೋಟ ಅದು.

"ಆಟ ಐತಿ ಅಂದಿದ್ರಿ."

"ಇತ್ತು."

"ಯಾವುದ್ರಾಗ?"

ನಾನು ಅಂಗಿಯ ಗುಂಡಿ ಬಿಚ್ಚಿ ಹಾಕಿ ಮಾಡಿದೆ. ನಾಗಮ್ಮ, ಒಲೆಯ ಮೇಲಿಟ್ಟ ಬೇಳೆಯ ನೆನಪಾಗಿ, ಎದ್ದು ಹೋದಳು. ಶಿವಲೀಲಾ ಕೈಕಾಲು ತೊಳೆದು ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆಲದ ಮೇಲೆ ಕುಳಿತಳು. "ಇಳಸ್ರಿ ಅದನ್ನ. ನಾ ಫೋರ್ಕ್ ಹಿಡಿತೀನಿ, ನೀವು ಮ್ಯಾಲಿನದು ತಿರುವ್ರಿ."

ನಾವು ಕೆಲಸಕ್ಕೆ ಕೂತೆವು. ಅವಳ ಎರಡು ಕೈ, ನನ್ನ ಎರಡು ಕೈ. ಬೇಕಾದದ್ದಕ್ಕಿಂತ ಒಂದು ಹೆಚ್ಚೇ ಆಯಿತು. ಆ ಹೆಚ್ಚಿನ ಕೈಯಿಂದ ಅವಳು ಆಗಾಗ ಮುಖದ ಮೇಲಿನ ಕೂದಲು ಸರಿಸಿಕೊಂಡಳು, ಹಣೆಗೆ ಗ್ರೀಸು ಹತ್ತಿತು. ನಾನು ನಟ್ಟನ್ನೇ ನೋಡುತ್ತ ಕೇಳಿದೆ, "ವರ್ಗಾವಣಿ ಕೇಳಿದ್ಯೇನು?"

"ಇಲ್ಲ."

"ತಾರೀಕು?"

"ಮುಗೀತು."

ಮುಚ್ಚಳ ಎಳೆ ತಪ್ಪಿ ಕೂತಿತು. ಬಿಚ್ಚಿ ಮತ್ತೆ ಹಿಡಿಸಿದೆ.

"ನಿಮ್ಮನ್ನ ಕೇಳಿದ್ನಲ್ರಿ. ನಿನ್ನಿಷ್ಟ ಅಂದ್ರಿ."

"ಅಂದೆ."

"ಬಾ ಅಂದಿದ್ರ ಬರ್ತಿದ್ದೆ. ಬಂದು ಬ್ಯಾಸರಾನೂ ಮಾಡ್ಕೊಂತಿದ್ದೆ." ಫೋರ್ಕನ್ನು ಇನ್ನಷ್ಟು ಎತ್ತಿ ಹಿಡಿದಳು. "ಖರೇ ಹೇಳ್ತೀನ್ರಿ, ನಂಗ ಆ ಸಾಲಿ ಹಿಡಿಸೈತಿ. ಇಷ್ಟು ವರ್ಷ ಯಾರೋ ಗಂಟಿ ಹೊಡೀತಿದ್ರು, ನಾ ಎದ್ದು ಕ್ಲಾಸಿಗಿ ಹೋಗ್ತಿದ್ದೆ. ಅಲ್ಲಿ ನಾ ಹೇಳಿದ ಮ್ಯಾಲ ಗಂಟಿ ಹೊಡಿತೈತಿ. ಒಂದೆರಡು ವರ್ಷ ಇರ್ತೀನ್ರಿ."

ಮತ್ತೆ ನಾನು, ಎಂದು ಕೇಳಬೇಕೆನಿಸಿತು. ಬಾಯಿಂದ ಬಂದದ್ದು, "ಆ ಪಾನಾ ಕೊಡು."

ಕೊಟ್ಟಳು. ನಾನು ನಟ್ಟನ್ನು ಜಗ್ಗಿ ತಿರುವಿದೆ. "ಅಷ್ಟ್ ಜಗ್ಗಬ್ಯಾಡ್ರಿ," ಎಂದಳು. "ಹ್ಯಾಂಡ್ಲ್ ತಿರುಗಬೇಕಲ್ಲ." ಒಂದಿಷ್ಟು ಬಿಟ್ಟೆ. ಆಮೇಲೆ ಹ್ಯಾಂಡಲ್ಲು ನೇರ ಮಾಡುವ ಕೆಲಸ. ಅವಳು ಎದುರಿಗೆ ನಿಂತು ಗಾಲಿಯನ್ನು ಮೊಣಕಾಲಲ್ಲಿ ಒತ್ತಿ ಹಿಡಿದಳು, ನಾನು ಈ ಕಡೆಯಿಂದ ಹ್ಯಾಂಡಲ್ಲು ಹಿಡಿದೆ. "ಎಡಕ್ಕ. ಇನ್ನೀಟು. ಹಾಂ, ಬಲಕ್ಕ ಒಂದು ಕೂದಲಿನಷ್ಟು. ಸಾಕು." ಇಬ್ಬರ ಮುಖಗಳ ನಡುವೆ ಒಂದು ಬೆಲ್ಲು ಮಾತ್ರ ಇತ್ತು. ಅಷ್ಟು ಹತ್ತಿರದಿಂದ ನಾವು ಒಬ್ಬರನ್ನೊಬ್ಬರು ನೋಡಿ ಎಷ್ಟು ಕಾಲವಾಗಿತ್ತೋ. ಅವಳ ಕಣ್ಣಿನ ಕೆಳಗೆ ಹೊಸದಾಗಿ ಎರಡು ಗೆರೆ ಬಂದಿದ್ದವು. ಚೆಕಿಂಗ್ ಮಾಸ್ಟರಿಗೆ ಅವು ಇಷ್ಟು ದಿನ ಕಂಡಿರಲಿಲ್ಲ.

ಮರುದಿನ ಮುಂಜಾನೆ ಓಣಿಯಲ್ಲಿ ಓಡಿಸಿ ನೋಡಿದಳು. ನಾನು ಕ್ಯಾರಿಯರ್ ಹಿಡಿದುಕೊಂಡು ಹಿಂದೆ ಓಡಿದೆ. "ಕೈ ಬಿಡ್ರಿ, ನಂಗ ಬರತೈತಿ" ಎಂದು ಕೂಗುತ್ತಿದ್ದಳು. ನಾನು ಬಿಡಲಿಲ್ಲ. ಓಣಿಯ ತುದಿಯಲ್ಲಿ ಏದುಸಿರು ಹತ್ತಿ ಕೈ ತಾನಾಗಿ ಬಿಟ್ಟಿತು. ಅವಳು ಹಿಂದೆ ನೋಡದೆ ನೆಟ್ಟಗೆ ಹೋಗಿ, ಕೋಟೆಗುಡ್ಡ ಕಾಣುವ ತಿರುವಿನಲ್ಲಿ ಒಂದು ಸುತ್ತು ಹಾಕಿ, ಬೆಲ್ಲು ಬಾರಿಸುತ್ತ ವಾಪಸು ಬಂದಳು.

ಸೋಮವಾರ ಬಸ್ ನಿಲ್ದಾಣದಲ್ಲಿ ನಾನೇ ಬಸ್ಸಿನ ತಲೆಯ ಮೇಲೆ ಹತ್ತಿ ಸೈಕಲ್ಲನ್ನು ಜೀನ್ಸ್ ಪಟ್ಟಿಯಿಂದ ಕಟ್ಟಿದೆ. ಕಟ್ಟಿ ಇಳಿದು, ಚಿಂತೆಯಾಗಿ, ಮತ್ತೆ ಹತ್ತಿ ಇನ್ನೊಂದು ಗಂಟು ಹಾಕಿದೆ. ಮೂರನೆಯ ಸಲ ಏಣಿಯ ಮೇಲೆ ಕಾಲಿಟ್ಟಾಗ ಕಂಡಕ್ಟರ್, "ಟೀಚರ್ರ, ಸಾರನ್ನೂ ಮ್ಯಾಲ ಕಟ್ಟಿಬಿಡ್ಲೇನ್ರಿ? ಅರ್ಧ ಟಿಕೆಟ್ ಹಿಡಿತೀನಿ" ಎಂದ. ಬಸ್ಸಿನವರೆಲ್ಲ ನಕ್ಕರು. ಶಿವಲೀಲಾ ಕಿಟಕಿಯಿಂದ ನನ್ನನ್ನು ನೋಡಿ, ನಗಲೂ ಇಲ್ಲ, ಬೇಡವೆನ್ನಲೂ ಇಲ್ಲ. ಬಸ್ಸು ಹೋಯಿತು. ಸೈಕಲ್ಲಿನ ಮುಂದಿನ ಗಾಲಿ ಗಾಳಿಗೆ ತಿರುಗುತ್ತಿದ್ದುದು ದೂರದವರೆಗೂ ಕಾಣುತ್ತಿತ್ತು. ಮನೆಗೆ ಬಂದರೆ ಸೂರಿನ ಕೊಂಡಿ ಖಾಲಿ. ಅದರ ಕೆಳಗೆ ಹಾದುಹೋಗುವಾಗ ತಲೆ ತಗ್ಗಿಸುವ ರೂಢಿ ಮಾತ್ರ ಬಹಳ ದಿನ ಹೋಗಲಿಲ್ಲ.

ನಾನು ಹೆದರಿದ್ದಂತೆಯೇ ಆಯಿತು. ಊಟ ಆತೇನ್ರಿ, ಆತು, ಅನ್ನ. ಸೈಕಲ್ ಹೆಂಗೈತಿ ಎಂದರೆ, "ಚೊಲೋ ಐತ್ರಿ." ಅಷ್ಟು ಚೆನ್ನಾಗಿ ಕೂಡಿಸಿದ್ದಕ್ಕೆ ನನ್ನನ್ನೇ ಬೈದುಕೊಂಡೆ. ಹೀಗಿರುವಾಗ ಒಂದು ಶುಕ್ರವಾರ ಫೋನು: "ರೀ, ಬೆಲ್ ಸಡ್ಲ ಆಗೈತಿ. ಐತ್ವಾರ ಬಂದು ನೋಡ್ರಿ." ಪಾನಾ ಚೀಲಕ್ಕೆ ಹಾಕಿಕೊಂಡು ಹೋದೆ. ಬೆಲ್ಲು ಬಿಗಿ ಮಾಡಿದೆ. ಮಧ್ಯಾಹ್ನ ಎಣ್ಣೆಗಾಯಿ ಪಲ್ಯ, ರೊಟ್ಟಿ. ಸಂಜೆ ಕೆಂಚನಗುಡ್ಡದ ಕಡೆ ಹೊಳೆಯ ದಂಡೆಗೆ ನಡೆದುಕೊಂಡು ಹೋದೆವು, ಅವಳು ಸೈಕಲ್ಲು ತಳ್ಳಿಕೊಂಡು. ಅದರ ಮುಂದಿನ ವಾರ ಚೈನಿನ ಕವರು. ಆಮೇಲೆ ಸ್ಟ್ಯಾಂಡು. ಹೋದ ಭಾನುವಾರ ಮಡ್‌ಗಾರ್ಡಿನ ನಟ್ಟು. ಹ್ಯಾಂಡಲ್ಲಿಗೆ ಮಾತ್ರ ಒಂದು ದಿನವೂ ಏನೂ ಆಗಲಿಲ್ಲ.

ನಾನು ಬಿಗಿ ಮಾಡಿದ ನಟ್ಟು ವಾರಕ್ಕೊಂದರಂತೆ ಸಡಿಲವಾಗುವುದೇ? ಬಗ್ಗಿ ನೋಡಿದೆ. ನಟ್ಟಿನ ಮೂಲೆಗಳಲ್ಲಿ ಹೊಸದಾಗಿ ಗೀಚಿದ ಹೊಳಪು. ಪಾನಾ ಹಾಕಿದರೆ ಹಾಗೆ ಗೀಚುವುದಿಲ್ಲ. ಮಗ್ಗುಲಲ್ಲೇ ಅಡುಗೆಮನೆ. ಶಿವಲೀಲಾ ಚಹಾದ ಪಾತ್ರೆಯನ್ನು ಒಲೆಯಿಂದ ಇಳಿಸುತ್ತಿದ್ದಳು. ಕೈಯಲ್ಲಿದ್ದ ಇಕ್ಕಳದ ಬಾಯಿಗೆ ಕರ್ರಗೆ ಗ್ರೀಸು ಹತ್ತಿತ್ತು. ಇಡೀ ಜೀವನ ಕಲೆ ಹುಡುಕಿ ಸಂಬಳ ತಿಂದವನ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ. ಯೂನಿಟ್ಟಿನಲ್ಲಾಗಿದ್ದರೆ ಕೆಂಪು ಸ್ಟಿಕರ್ ಅಂಟಿಸುತ್ತಿದ್ದೆ. ನಾನು ಚಹಾ ಕುಡಿದೆ. ಚಹಾ ಚೆನ್ನಾಗಿದೆ ಎಂದೆ. ಮಡ್‌ಗಾರ್ಡಿನ ನಟ್ಟನ್ನು ಮುಂದಿನ ಭಾನುವಾರದವರೆಗೆ ಮಾತ್ರ ಸಾಲುವಷ್ಟು ತಿರುವಿ ಎದ್ದೆ.

ವಾಪಸು ಬರುವಾಗ ಬಸ್ಸಿನಲ್ಲಿ ಎಂದಿನಂತೆ ಚಿಂತೆ ಪಕ್ಕದ ಸೀಟಿಗೆ ಬಂದು ಕುಳಿತಿತು. ಅವಳದು ಮೆತ್ತಗಿನ ಕೈ, ಇಕ್ಕಳವೂ ಹಳೆಯದು. ಈ ಸಲ ನಾನು ಮರೆತು ತುಸು ಜಾಸ್ತಿ ಬಿಗಿ ಮಾಡಿಬಿಟ್ಟೆನೇ? ಇಳಿದ ಕೂಡಲೇ ಫೋನು ಮಾಡಿದೆ.

"ಮಡ್‌ಗಾರ್ಡ್ ಹೆಂಗೈತಿ?"

"ಭದ್ರ ಐತ್ರಿ," ಎಂದಳು.

ಅಂದಿನಿಂದ ಶುಕ್ರವಾರವನ್ನೇ ಎದುರು ನೋಡುತ್ತ, ಇಂಥ ಕೆಲಸದಲ್ಲಿ ಕೈ ಹತೋಟಿ ತಪ್ಪಬಾರದು ಎಂದು ನನಗೆ ನಾನೇ ಬುದ್ಧಿ ಹೇಳಿಕೊಳ್ಳುತ್ತಿದ್ದೇನೆ.